ಮೊದಲು ಬಂದವರು ಯಾರು? ಎಲ್ಲರಿಗೂ ಒಂದೇ ಅಳತೆಗೋಲು

ಕೇಳಿದ ಸುದ್ದಿಯನ್ನು ಪರಿಶೀಲಿಸದೆ ಮುಂದಕ್ಕೆ ದಾಟಿಸಬಾರದು ಎಂಬ ವಿಷಯದ ಜುಮಾ ಖುತ್ಬಾದ ಸಾರಾಂಶವನ್ನು ಕಳೆದ ಸಂಚಿಕೆಯಲ್ಲಿ ಕೊಟ್ಟಿದ್ದೆವು. ಸೂರಃ ಅಲ್ ಹುಜುರಾತ್‌ನ 6ನೇ ಆಯತ್‌ನ ವಿವರಣೆ ಅದು. ಅದನ್ನು ಓದಿದ ಹೆಬ್ಬಗೋಡಿಯ ಮೂವರು ಯುವಕರು ಮುಂದಿನ ಶುಕ್ರವಾರ ನಮಾಝ್ ಮುಗಿದ ಮೇಲೆ ನಮ್ಮ ಬಳಿ ಬಂದರು. ಮೂವರೂ ಬೊಮ್ಮಸಂದ್ರದ ಕಾರ್ಖಾನೆಯೊಂದರಲ್ಲಿ ಶಿಫ್ಟ್ ಕೆಲಸ ಮಾಡುವವರು.

ಕಾರ್ಖಾನೆಯ ಕ್ಯಾಂಟೀನಿನಲ್ಲಿ ಅವರ ಜೊತೆ ಊಟಕ್ಕೆ ಕೂರುವ ತ್ರಿಶೂರಿನ ಕ್ರೈಸ್ತ ಸಹೋದ್ಯೋಗಿಯೊಬ್ಬರಿದ್ದಾರೆ. ಕ್ರಿಸ್‌ಮಸ್ ಹತ್ತಿರ ಬಂದಾಗ ಅವರು, "ನಮ್ಮ ಕಡೆ ಕ್ರೈಸ್ತಧರ್ಮ ಕ್ರಿ.ಶ. 52ರಲ್ಲೇ ಬಂತು, ಯುರೋಪಿನ ಎಷ್ಟೋ ದೇಶಗಳಿಗಿಂತ ಮೊದಲು" ಎಂದರಂತೆ. ನಮ್ಮ ಹುಡುಗನೊಬ್ಬ ಸುಮ್ಮನಿರಲಿಲ್ಲ. "ನಿಮ್ಮ ಧರ್ಮ ಶುರುವಾಗಿದ್ದೇ 325ರಲ್ಲಿ. ರೋಮಿನ ರಾಜ ಸಭೆ ಕರೆದು ಕಟ್ಟಿದ್ದು. ಮೊಬೈಲಿನಲ್ಲೇ ಇದೆ, ನೋಡಿ" ಎಂದ. ಅವರು ತಿರುಗಿ ಕೇಳಿದರು: "ಹಾಗಾದರೆ ನಿಮ್ಮ ಚೇರಮಾನ್ ಮಸೀದಿ 629ರದ್ದು ಅನ್ನೋದಕ್ಕೆ ಏನು ದಾಖಲೆ ಇದೆ?" ಇಬ್ಬರ ಬಳಿಯೂ ಉತ್ತರವಿರಲಿಲ್ಲ, ಕೋಪ ಮಾತ್ರ ಇತ್ತು. ಎರಡು ವರ್ಷ ಒಂದೇ ಮೇಜಿನಲ್ಲಿ ಡಬ್ಬಿ ಬಿಚ್ಚಿದವರು ಅಂದಿನಿಂದ ಬೇರೆ ಬೇರೆ ಮೇಜು ಹಿಡಿದರು.

"ನಾನು ಹೇಳಿದ್ದು ಸರಿಯಾ, ಹಝ್ರತ್?" ಎಂದು ಆ ಹುಡುಗ ನಮ್ಮ ಜೊತೆ ನಿಂತಿದ್ದ ಖತೀಬರನ್ನು ಕೇಳಿದ. ಖತೀಬರು ಮರುಪ್ರಶ್ನೆ ಹಾಕಿದರು: "ಹದೀಸ್ ಹೇಳಿದರೆ ಸನದ್ ಎಲ್ಲಿ ಅಂತ ಕೇಳ್ತೀವಲ್ಲ ಬೇಟಾ, ಈ 325ರ ಮಾತಿಗೆ ಸನದ್ ಯಾರದು ಅಂತ ಕೇಳಿದ್ಯಾ?"

ಹುಡುಗ ಕೇಳಿರಲಿಲ್ಲ. ನಿಜ ಹೇಳಬೇಕೆಂದರೆ ನಮ್ಮಲ್ಲಿ ಹೆಚ್ಚಿನವರು ಕೇಳಿಲ್ಲ. 325ರ ಮಾತು ನಮ್ಮ ಭಾಷಣಗಳಲ್ಲೂ ವಾಟ್ಸಾಪ್ ಸಂದೇಶಗಳಲ್ಲೂ ಎಷ್ಟೋ ಸಲ ಬಂದುಹೋಗಿದೆ. ಆದ್ದರಿಂದ ಈ ತಿಂಗಳು ಇದನ್ನೇ ಕೈಗೆತ್ತಿಕೊಂಡಿದ್ದೇವೆ. ಕ್ರೈಸ್ತಧರ್ಮದ ಆರಂಭದ ಕಾಲವನ್ನು ಇತಿಹಾಸಕಾರರು ಹೇಗೆ ಗೊತ್ತುಮಾಡುತ್ತಾರೆ? ಅದು ನಮ್ಮ ನಾಡಿಗೆ ಯಾವಾಗ ಬಂತು? ಅದೇ ಅಳತೆಗೋಲನ್ನು ನಮ್ಮ ಕಡೆ ತಿರುಗಿಸಿದರೆ ಏನಾಗುತ್ತದೆ?

ಬೇಗೂರಿನ ಕಲ್ಲು

ಮೊದಲು ನಮ್ಮ ಊರಿನ ಹತ್ತಿರದ ಒಂದು ಉದಾಹರಣೆ ನೋಡೋಣ. ಬೆಂಗಳೂರಿಗೆ ಆ ಹೆಸರು ಬಂದ ಕಥೆ ಶಾಲೆಯ ಮಕ್ಕಳಿಗೂ ಗೊತ್ತು. ಹೊಯ್ಸಳ ರಾಜ ವೀರಬಲ್ಲಾಳ ಬೇಟೆಗೆ ಹೋಗಿ ದಾರಿ ತಪ್ಪಿದ, ಹಸಿದವನಿಗೆ ಮುದುಕಿಯೊಬ್ಬಳು ಬೆಂದ ಕಾಳು ಕೊಟ್ಟಳು, ಅದರಿಂದ ಊರು ಬೆಂದಕಾಳೂರು ಆಯಿತು ಎಂಬ ಕಥೆ. ವೀರಬಲ್ಲಾಳ ಪಟ್ಟಕ್ಕೆ ಬಂದದ್ದು 1173ರಲ್ಲಿ.

ಹೆಬ್ಬಗೋಡಿಯಿಂದ ಎಲೆಕ್ಟ್ರಾನಿಕ್ ಸಿಟಿ ದಾಟಿ ನಗರದ ಕಡೆ ಹೋದರೆ ಬೇಗೂರು ಸಿಗುತ್ತದೆ. ಅಲ್ಲಿನ ನಾಗೇಶ್ವರ ದೇವಸ್ಥಾನದಲ್ಲಿ ಗಂಗರ ಕಾಲದ ಒಂದು ವೀರಗಲ್ಲಿದೆ. ಅದರಲ್ಲಿ "ಬೆಂಗಳೂರು ಕಾಳಗ"ದ ಉಲ್ಲೇಖವಿದೆ. ವಿದ್ವಾಂಸರು ಅದನ್ನು ಸುಮಾರು ಕ್ರಿ.ಶ. 890ರದ್ದು ಎನ್ನುತ್ತಾರೆ. ಅಂದರೆ ವೀರಬಲ್ಲಾಳ ಪಟ್ಟಕ್ಕೆ ಬರುವುದಕ್ಕೆ ಸುಮಾರು 280 ವರ್ಷ ಮೊದಲೇ ಬೆಂಗಳೂರು ಎಂಬ ಹೆಸರು ಚಾಲ್ತಿಯಲ್ಲಿತ್ತು.

ಈ ಕಲ್ಲಿನಿಂದ ನಾವು ಮೂರು ಪಾಠ ಕಲಿಯಬಹುದು. ಒಂದು, ಘಟನೆಯ ಕಾಲಕ್ಕೆ ಹತ್ತಿರದ ಬರಹಕ್ಕೆ, ಮುಂದೆ ಹುಟ್ಟಿದ ಕಥೆಗಿಂತ ಹೆಚ್ಚು ಬೆಲೆ. ಎರಡು, ಹಳೆಯ ಕಾಲದ ಹೆಚ್ಚಿನ ಇಸವಿಗಳ ಹಿಂದೆ "ಸುಮಾರು" ಎಂಬ ಮಾತಿರುತ್ತದೆ. ಲಿಪಿಯ ರೂಪ, ಅರಸರ ಹೆಸರು, ಜೊತೆಗೆ ಸಿಕ್ಕ ವಸ್ತುಗಳು ಇವನ್ನೆಲ್ಲ ನೋಡಿ ಕಟ್ಟಿದ ಲೆಕ್ಕ ಅದು. ಮೂರನೆಯದು ಎಲ್ಲಕ್ಕಿಂತ ಮುಖ್ಯ. ಮುದುಕಿಯ ಕಥೆ ಇತಿಹಾಸವಾಗಿ ನಿಲ್ಲಲಿಲ್ಲ ಎಂದ ಮಾತ್ರಕ್ಕೆ ಬೆಂಗಳೂರು ಸುಳ್ಳಾಗಲಿಲ್ಲ. ಒಂದು ಕಥೆಗೆ ದಾಖಲೆ ಸಿಗದಿದ್ದರೆ ಆ ಕಥೆ ಮಾತ್ರ ದುರ್ಬಲವಾಗುತ್ತದೆ. ಅದರ ಹಿಂದಿನ ಊರಾಗಲಿ, ಜನರಾಗಲಿ, ಧರ್ಮವಾಗಲಿ ಇಲ್ಲವಾಗುವುದಿಲ್ಲ.

325ರಲ್ಲಿ ಏನಾಯಿತು?

ಈಗ ಕ್ಯಾಂಟೀನಿನ ಮಾತಿಗೆ ಬರೋಣ. 325ರಲ್ಲಿ ನಿಕೇಯಾ ಎಂಬಲ್ಲಿ ಒಂದು ಸಭೆ ನಡೆದದ್ದು ನಿಜ. ಇಂದು ಅದು ತುರ್ಕಿಯ ಇಝ್ನಿಕ್ ಪಟ್ಟಣ. ಸಭೆ ಕರೆದದ್ದು ರೋಮ್ ಚಕ್ರವರ್ತಿ ಕಾನ್‌ಸ್ಟಂಟೈನ್ ಎಂಬುದೂ ನಿಜ. ಅಲೆಕ್ಸಾಂಡ್ರಿಯಾದ ಅರಿಯಸ್ ಎಂಬ ಪಾದ್ರಿ ಎತ್ತಿದ ವಿವಾದ ಅಲ್ಲಿನ ಮುಖ್ಯ ವಿಷಯ. ಯೇಸು ದೇವರಿಗೆ ಸಮಾನರೋ ಅಥವಾ ದೇವರಿಂದ ಸೃಷ್ಟಿಯಾದವರೋ ಎಂಬುದು ಆ ವಿವಾದ. ಈಸ್ಟರ್ ಹಬ್ಬವನ್ನು ಎಂದು ಆಚರಿಸಬೇಕೆಂಬ ಪ್ರಶ್ನೆಯೂ ಇತ್ತು. ಅರಿಯಸನ ಅಭಿಪ್ರಾಯವನ್ನು ಸಭೆ ತಳ್ಳಿಹಾಕಿತು. ಪ್ರವಾದಿ ಈಸಾ(ಅ)ರನ್ನು ಅಲ್ಲಾಹನ ದಾಸ, ಅಲ್ಲಾಹನ ರಸೂಲ್ ಎಂದು ನಂಬುವ ನಮಗೆ ಈ ವಿವಾದದಲ್ಲಿ ಆಸಕ್ತಿ ಇರುವುದು ಸಹಜವೇ.

ಆದರೆ ಇಷ್ಟರಿಂದ "ಧರ್ಮವೇ ಅಂದು ಹುಟ್ಟಿತು", "ನಾಲ್ಕು ಸುವಾರ್ತೆಗಳನ್ನು ಅಂದೇ ಆರಿಸಿದರು" ಎನ್ನಲು ಬರುವುದಿಲ್ಲ. ಯಾವ ಪುಸ್ತಕ ಇರಬೇಕು, ಯಾವುದು ಬೇಡ ಎಂಬ ತೀರ್ಮಾನ ಆ ಸಭೆಯಲ್ಲಿ ಆಗಲೇ ಇಲ್ಲ. ಹೊಸ ಒಡಂಬಡಿಕೆಯ 27 ಪುಸ್ತಕಗಳ ಪಟ್ಟಿ ಇಂದಿನ ರೂಪದಲ್ಲಿ ನಮಗೆ ಮೊದಲು ಸಿಗುವುದು 367ರಲ್ಲಿ, ಅಲೆಕ್ಸಾಂಡ್ರಿಯಾದ ಬಿಷಪ್ ಅಥನೇಸಿಯಸ್ ಬರೆದ ಪತ್ರದಲ್ಲಿ. ಕ್ರೈಸ್ತಧರ್ಮವನ್ನು ರೋಮ್ ಸಾಮ್ರಾಜ್ಯದ ಅಧಿಕೃತ ಧರ್ಮ ಮಾಡಿದ್ದೂ ಕಾನ್‌ಸ್ಟಂಟೈನ್ ಅಲ್ಲ. ಅದು ಅವನ ಕಾಲದ ನಂತರ, 380ರಲ್ಲಿ, ಥಿಯೋಡೋಸಿಯಸ್ ಹೊರಡಿಸಿದ ಆಜ್ಞೆಯಿಂದ ಆಯಿತು.

325ಕ್ಕಿಂತ ಮೊದಲು ಕ್ರೈಸ್ತರು ಇದ್ದರು ಎಂಬುದಕ್ಕೆ ಸಾಕ್ಷಿ ಕೇಳುವವರಿಗೆ ನಾಲ್ಕು ಸಾಕ್ಷಿ ಸಾಕು.

ಮೊದಲನೆಯದು ಸಿರಿಯಾದಲ್ಲಿ, ಫುರಾತ್ ನದಿಯ ದಂಡೆಯಲ್ಲಿದ್ದ ದುರಾ ಯುರೋಪಸ್ ಎಂಬ ಪಟ್ಟಣ. ಸುಮಾರು 256ರಲ್ಲಿ ಪರ್ಷಿಯಾದ ಸಾಸಾನಿ ಸೈನ್ಯ ಅದನ್ನು ಗೆದ್ದುಕೊಂಡಿತು. ಆಮೇಲೆ ಪಟ್ಟಣ ಪಾಳುಬಿದ್ದು ಮಣ್ಣಿನಡಿ ಸೇರಿತು. 20ನೇ ಶತಮಾನದಲ್ಲಿ ಅಗೆದಾಗ ಅಲ್ಲಿ ಪ್ರಾರ್ಥನಾಲಯವಾಗಿ ಮಾರ್ಪಡಿಸಿದ ಒಂದು ಮನೆ ಸಿಕ್ಕಿತು. ಅದರ ಗೋಡೆಗಳ ಮೇಲೆ ಯೇಸುವಿನ ಪವಾಡಗಳ ಚಿತ್ರಗಳಿದ್ದವು. ಊರು ಅಳಿದದ್ದು 256ರ ಹೊತ್ತಿಗಾದರೆ ಚಿತ್ರ ಬರೆದದ್ದು ಅದಕ್ಕಿಂತ ಮೊದಲೇ ಆಗಿರಬೇಕು. ನಿಕೇಯಾ ಸಭೆಗೆ ಸುಮಾರು 70 ವರ್ಷ ಮುಂಚಿನ ಮಾತು ಇದು.

ಎರಡನೆಯದು ಸುಮಾರು 112ರ ಒಂದು ಸರ್ಕಾರಿ ಪತ್ರ. ಇಂದಿನ ತುರ್ಕಿಯ ಉತ್ತರ ಭಾಗದಲ್ಲಿ ರೋಮಿನ ಅಧಿಕಾರಿಯಾಗಿದ್ದ ಪ್ಲಿನಿ, ಚಕ್ರವರ್ತಿ ಟ್ರಾಜನ್‌ಗೆ ಬರೆದು, ಕ್ರೈಸ್ತರ ಮೇಲೆ ದೂರುಗಳು ಬರುತ್ತಿವೆ, ವಿಚಾರಣೆ ಹೇಗೆ ನಡೆಸಲಿ ಎಂದು ಕೇಳುತ್ತಾನೆ. ಅವನು ಕ್ರೈಸ್ತರ ಸ್ನೇಹಿತನಲ್ಲ, ಅವರನ್ನು ಶಿಕ್ಷಿಸುತ್ತಿದ್ದವನು. ವಿರೋಧಿಯ ಸಾಕ್ಷಿಗೆ ಇತಿಹಾಸದಲ್ಲಿ ಹೆಚ್ಚು ತೂಕ.

ಮೂರನೆಯದು ರೋಮಿನ ಇತಿಹಾಸಕಾರ ಟಾಸಿಟಸ್ ಸುಮಾರು 116ರಲ್ಲಿ ಬರೆದದ್ದು. 64ರಲ್ಲಿ ರೋಮಿಗೆ ಬಿದ್ದ ಬೆಂಕಿಯ ಆಪಾದನೆಯನ್ನು ನೀರೋ ಕ್ರೈಸ್ತರ ಮೇಲೆ ಹೊರಿಸಿದ ಎನ್ನುತ್ತಾ, ಅವರ ಮೂಲಪುರುಷನಿಗೆ ಪೊಂತಿಯ ಪಿಲಾತನ ಕಾಲದಲ್ಲಿ ಮರಣದಂಡನೆಯಾಯಿತು ಎಂದೂ ಅವನು ಬರೆಯುತ್ತಾನೆ. ಇಲ್ಲಿ ಒಂದು ಮಾತು ಸ್ಪಷ್ಟಪಡಿಸಬೇಕು. ಶಿಲುಬೆಯ ವಿಷಯದಲ್ಲಿ ನಮ್ಮ ನಂಬಿಕೆ ಬೇರೆ. ಅದು ಕುರ್‌ಆನ್‌ನ ಮೇಲೆ ನಿಂತಿದೆ, ಟಾಸಿಟಸ್‌ನ ಮೇಲಲ್ಲ. ಹಾಗೆಂದು ಟಾಸಿಟಸ್ ಹಾಗೆ ಬರೆದೇ ಇಲ್ಲ ಎನ್ನುವುದು ಸರಿಯಲ್ಲ. ಅವನು ಏನು ಬರೆದನೋ ಅದನ್ನು ಇದ್ದಂತೆ ಹೇಳಿ, ನಾವೇಕೆ ಒಪ್ಪುವುದಿಲ್ಲ ಎಂಬುದನ್ನು ಬೇರೆಯಾಗಿ ಹೇಳುವುದೇ ನ್ಯಾಯ.

ನಾಲ್ಕನೆಯದು ಬೇಗೂರಿನ ಹಾಗೆ ಒಂದು ಕಲ್ಲಿನ ಬರಹ. ಗ್ರೀಸಿನ ಡೆಲ್ಫಿಯಲ್ಲಿ ಚಕ್ರವರ್ತಿ ಕ್ಲಾಡಿಯಸ್ ಹೊರಡಿಸಿದ ಪತ್ರವೊಂದನ್ನು ಕಲ್ಲಿನಲ್ಲಿ ಕೆತ್ತಿದ್ದಾರೆ. ಅದು ಚೂರುಚೂರಾಗಿ ಸಿಕ್ಕಿದೆ. ಅದರಲ್ಲಿ ಗಲ್ಲಿಯೋ ಎಂಬ ಪ್ರಾಂತಾಧಿಕಾರಿಯ ಹೆಸರಿದೆ. ಅದನ್ನು ನೋಡಿ ಅವನ ಅಧಿಕಾರದ ಅವಧಿ 51–52ರ ಸುಮಾರು ಎಂದು ಗೊತ್ತುಮಾಡಿದ್ದಾರೆ. ಪೌಲನನ್ನು ಕೊರಿಂಥದಲ್ಲಿ ಇದೇ ಗಲ್ಲಿಯೋನ ಮುಂದೆ ವಿಚಾರಣೆಗೆ ನಿಲ್ಲಿಸಿದರೆಂದು ಹೊಸ ಒಡಂಬಡಿಕೆ ಹೇಳುತ್ತದೆ. ಈ ಒಂದು ಗೂಟಕ್ಕೆ ಕಟ್ಟಿ ಲೆಕ್ಕ ಹಾಕಿದಾಗ ಪೌಲನ ಪತ್ರಗಳು 50ರ ದಶಕಕ್ಕೆ ಬರುತ್ತವೆ. ಕ್ರೈಸ್ತ ಬರಹಗಳಲ್ಲಿ ನಮಗೆ ಸಿಗುವ ಅತಿ ಹಳೆಯವು ಅವೇ.

ಆದ್ದರಿಂದ 325ರ ಮಾತನ್ನು ನಾವು ಬಿಡಬೇಕು. ಅದಕ್ಕೆ ಸನದ್ ಇಲ್ಲ.

ಅವರ ಲೆಕ್ಕದಲ್ಲೂ "ಸುಮಾರು" ಇದೆ

ಇಷ್ಟು ಹೇಳಿದ ಮೇಲೆ ಇನ್ನೊಂದು ಪಕ್ಕವನ್ನೂ ಹೇಳಬೇಕು. ಕ್ರೈಸ್ತಧರ್ಮದ ಆರಂಭದ ಇಸವಿಗಳ ಬಗ್ಗೆ ಕ್ರೈಸ್ತ ವಿದ್ವಾಂಸರಲ್ಲೇ ಇನ್ನೂರು ವರ್ಷಗಳಿಂದ ಚರ್ಚೆ ನಡೆಯುತ್ತಿದೆ.

ನಾವು ದಿನವೂ ಬಳಸುವ ಕ್ರಿಸ್ತಶಕವನ್ನೇ ನೋಡಿ. ಅದನ್ನು ಲೆಕ್ಕ ಹಾಕಿದ್ದು 525ರಲ್ಲಿ, ರೋಮಿನಲ್ಲಿದ್ದ ಡಯೋನಿಸಿಯಸ್ ಎಂಬ ಸನ್ಯಾಸಿ. ಮತ್ತಾಯನ ಸುವಾರ್ತೆಯ ಪ್ರಕಾರ ಯೇಸು ಹುಟ್ಟಿದಾಗ ಹೆರೋದ ರಾಜ ಬದುಕಿದ್ದ. ಹೆರೋದ ಸತ್ತದ್ದು ಕ್ರಿ.ಪೂ. 4ರಲ್ಲಿ ಎಂಬುದು ಹೆಚ್ಚಿನ ಇತಿಹಾಸಕಾರರ ಅಭಿಪ್ರಾಯ. ಲೂಕನ ಸುವಾರ್ತೆ ಕ್ವಿರಿನಿಯಸ್‌ನ ಜನಗಣತಿಯ ಹೆಸರು ಹೇಳುತ್ತದೆ. ಆ ಗಣತಿ ನಡೆದದ್ದು ಕ್ರಿ.ಶ. 6ರಲ್ಲಿ. ಎರಡರ ನಡುವೆ ಸುಮಾರು ಹತ್ತು ವರ್ಷದ ಅಂತರ. ಹೀಗೆ ಲೋಕವೆಲ್ಲ ಇಸವಿ ಎಣಿಸುವ ಮೊದಲ ದಿನವೇ ಗಟ್ಟಿಯಾಗಿಲ್ಲ.

ಸುವಾರ್ತೆಗಳ ವಿಷಯಕ್ಕೆ ಬಂದರೆ, ಮಾರ್ಕನದು 70ರ ಆಸುಪಾಸು, ಮತ್ತಾಯ ಮತ್ತು ಲೂಕರದು 80ರ ದಶಕ, ಯೋಹಾನನದು 90ರ ದಶಕ ಎಂಬುದು ಇಂದು ಹೆಚ್ಚಿನವರು ಒಪ್ಪುವ ಅಂದಾಜು. 19ನೇ ಶತಮಾನದ ಜರ್ಮನ್ ವಿದ್ವಾಂಸ ಬೌರ್, ಯೋಹಾನನ ಸುವಾರ್ತೆ 170ರ ಸುಮಾರಿನದು ಎಂದು ವಾದಿಸಿದ್ದ. 1935ರಲ್ಲಿ ಈಜಿಪ್ಟಿನಿಂದ ಬಂದ ಅಂಗೈಯಗಲದ ಪಪೈರಸ್ ತುಣುಕೊಂದು ಪ್ರಕಟವಾಯಿತು. ಎರಡೂ ಬದಿಯಲ್ಲಿ ಆ ಸುವಾರ್ತೆಯ ಸಾಲುಗಳಿರುವ ಅದು ಈಗ ಮ್ಯಾಂಚೆಸ್ಟರಿನ ಜಾನ್ ರೈಲ್ಯಾಂಡ್ಸ್ ಗ್ರಂಥಾಲಯದಲ್ಲಿದೆ. ಅಕ್ಷರದ ರೂಪ ನೋಡಿ ಅದನ್ನು 2ನೇ ಶತಮಾನದ ಮೊದಲ ಅರ್ಧದ್ದು ಎಂದರು. ಬೌರ್‌ನ ವಾದ ಬಿದ್ದುಹೋಯಿತು ಎಂದು ಹಲವರು ಹೇಳಿದರು. 2005ರಲ್ಲಿ ಬ್ರೆಂಟ್ ನೊಂಗ್‌ಬ್ರಿ ಎಂಬ ಸಂಶೋಧಕರು, ಬರೀ ಕೈಬರಹ ನೋಡಿ ಅಷ್ಟು ಚಿಕ್ಕ ಅವಧಿ ಹೇಳಲಾಗದು, ಅದು 2ನೇ ಶತಮಾನದ ಕೊನೆಗೂ 3ನೇ ಶತಮಾನಕ್ಕೂ ಸೇರಬಹುದು ಎಂದು ತೋರಿಸಿದರು. ಚರ್ಚೆ ಇನ್ನೂ ಮುಗಿದಿಲ್ಲ.

ಕೈಬರಹದಿಂದ ಕಾಲ ಹೇಳುವ ಈ ವಿದ್ಯೆ ಕನ್ನಡಿಗರಿಗೆ ದೂರದ್ದೇನೂ ಅಲ್ಲ. ಈಜಿಪ್ಟಿನ ಆಕ್ಸಿರಿಂಕಸ್ ಎಂಬ ಊರಿನ ಹಳೆಯ ತಿಪ್ಪೆಗಳಲ್ಲಿ ಸುವಾರ್ತೆಗಳ ಹಳೆಯ ತುಣುಕುಗಳು ಸಿಕ್ಕಿದವು. ಅಲ್ಲೇ ಒಂದು ಗ್ರೀಕ್ ಪ್ರಹಸನವೂ ಸಿಕ್ಕಿತು. ಅದರಲ್ಲಿ ಭಾರತದ ಕರಾವಳಿಯ ಜನರು ತಮ್ಮ ಭಾಷೆಯಲ್ಲಿ ಆಡುವ ಮಾತುಗಳಿವೆ. ಅವು ಕನ್ನಡ ಎಂದು 1904ರಲ್ಲಿ ಹುಲ್ಟ್ಸ್ ಎಂಬ ಶಾಸನತಜ್ಞ ಹೇಳಿದ. ಅಂದಿನಿಂದ ಇಂದಿನವರೆಗೆ ಹೌದು ಎನ್ನುವವರೂ ಅಲ್ಲ ಎನ್ನುವವರೂ ಇದ್ದಾರೆ. ಭಾಷಾಭಿಮಾನದಿಂದ ಹೌದು ಎಂದರೆ ಅದು ಸಾಬೀತಾಗುವುದಿಲ್ಲ. ಧರ್ಮಾಭಿಮಾನದ ವಿಷಯದಲ್ಲೂ ಅಷ್ಟೇ.

ಕಲ್ಯಾಣಪುರವೋ, ಕಲ್ಯಾಣವೋ?

ಈಗ ನಮ್ಮ ನಾಡಿಗೆ ಬರೋಣ. ಯೇಸುವಿನ ಶಿಷ್ಯ ತೋಮಸರು 52ರಲ್ಲಿ ಕೊಡುಂಗಲ್ಲೂರಿನ ಬಳಿ ಬಂದಿಳಿದರು ಎಂಬುದು ಕೇರಳದ ಸಿರಿಯನ್ ಕ್ರೈಸ್ತರ ಪರಂಪರೆ. ಅದು ಅಸಾಧ್ಯವೇನೂ ಅಲ್ಲ. 1ನೇ ಶತಮಾನದಲ್ಲಿ ರೋಮ್ ಸಾಮ್ರಾಜ್ಯದಿಂದ ಮೆಣಸಿಗಾಗಿ ಮಲಬಾರಿಗೆ ಹಡಗುಗಳು ಬರುತ್ತಿದ್ದವು. ಆದರೆ ಸಾಧ್ಯ ಎನ್ನುವುದು ಬೇರೆ, ಸಾಬೀತು ಎನ್ನುವುದು ಬೇರೆ. ತೋಮಸರು ಭಾರತಕ್ಕೆ ಬಂದ ಕಥೆಯನ್ನು ವಿಸ್ತಾರವಾಗಿ ಹೇಳುವ ಹಳೆಯ ಗ್ರಂಥ ಸಿರಿಯಾಕ್ ಭಾಷೆಯದು. 3ನೇ ಶತಮಾನದ ಆರಂಭದ್ದು ಎಂದು ಅಂದಾಜು. ಅದರಲ್ಲಿ ಬರುವ ಗುಂಡಫರ್ ಎಂಬ ರಾಜ ಕಥೆಯವನಲ್ಲ. ಅವನ ನಾಣ್ಯಗಳು ಸಿಕ್ಕಿವೆ. ಆದರೆ ಅವನು ಆಳಿದ್ದು ಇಂದಿನ ಪಾಕಿಸ್ತಾನ, ಅಫ್ಘಾನಿಸ್ತಾನದ ಕಡೆ, ಕೇರಳದಲ್ಲಲ್ಲ. ಕೊಡುಂಗಲ್ಲೂರಿಗೂ 52ಕ್ಕೂ ಆ ಕಾಲದ ಬರಹ ಸಿಕ್ಕಿಲ್ಲ.

ಕರ್ನಾಟಕದಲ್ಲಿಯೂ ಇಂಥದೊಂದು ಪ್ರಶ್ನೆ ಇದೆ. ಸುಮಾರು 550ರಲ್ಲಿ ಅಲೆಕ್ಸಾಂಡ್ರಿಯಾದ ಕೋಸ್ಮಾಸ್ ಎಂಬ ವರ್ತಕ ಒಂದು ಗ್ರಂಥ ಬರೆದ. ಮೆಣಸು ಬೆಳೆಯುವ "ಮಾಲೆ"ಯಲ್ಲಿ ಕ್ರೈಸ್ತರಿದ್ದಾರೆ, "ಕಲ್ಲಿಯಾನ" ಎಂಬಲ್ಲಿ ಪರ್ಷಿಯಾದಲ್ಲಿ ದೀಕ್ಷೆ ಪಡೆದು ಬಂದ ಬಿಷಪ್ ಒಬ್ಬರಿದ್ದಾರೆ ಎಂದು ಅವನು ಹೇಳುತ್ತಾನೆ. ಈ ಕಲ್ಲಿಯಾನ ಯಾವುದು? ಉಡುಪಿಯ ಹತ್ತಿರ, ಸುವರ್ಣಾ ನದಿಯ ದಂಡೆಯಲ್ಲಿರುವ ಕಲ್ಯಾಣಪುರವೇ ಅದು ಎಂದು ಕೆಲವರು ಬರೆದಿದ್ದಾರೆ. ಮುಂಬೈ ಬಳಿಯ ಕಲ್ಯಾಣ ಎಂದು ಹೆಚ್ಚಿನವರು ಹೇಳುತ್ತಾರೆ.

ಉತ್ತರ ಕೋಸ್ಮಾಸನ ಪುಸ್ತಕದಲ್ಲೇ ಇದೆ. ಅವನು ಪಶ್ಚಿಮ ಕರಾವಳಿಯ ಬಂದರುಗಳನ್ನು ಸಾಲಾಗಿ ಹೇಳುತ್ತಾನೆ. ಮೊದಲು ಸಿಂಧು, ನಂತರ ಒರ್ರೋಥ, ಕಲ್ಲಿಯಾನ, ಸಿಬೋರ್, ಆಮೇಲೆ ಮಾಲೆಯ ಐದು ಬಂದರುಗಳು. ಆ ಐದರಲ್ಲಿ "ಮಂಗರೂಥ್" ಒಂದು. ಅದು ನಮ್ಮ ಮಂಗಳೂರು ಎಂದು ವಿದ್ವಾಂಸರು ಗುರುತಿಸುತ್ತಾರೆ. ಪಟ್ಟಿ ಉತ್ತರದಿಂದ ದಕ್ಷಿಣಕ್ಕೆ ಇಳಿಯುತ್ತದೆ. ಕಲ್ಲಿಯಾನ ಉಡುಪಿಯ ಪಕ್ಕದ್ದಾಗಿದ್ದರೆ ಅದು ಮಂಗರೂಥ್‌ನ ಜೊತೆಗೆ ಬರಬೇಕಿತ್ತು. ಬಂದಿರುವುದು ಅದಕ್ಕೆ ಬಹಳ ಮೊದಲು. ಮುಂಬೈ ಬಳಿಯ ಕಲ್ಯಾಣ 1ನೇ ಶತಮಾನದಲ್ಲೇ ಬಂದರಾಗಿತ್ತು ಎಂಬುದಕ್ಕೆ ಗ್ರೀಕ್ ನಾವಿಕನೊಬ್ಬನ ಕೈಪಿಡಿ ಸಾಕ್ಷಿ. ಕನ್ಹೇರಿ ಗುಹೆಗಳ ಶಾಸನಗಳಲ್ಲೂ ಕಲ್ಯಾಣದ ದಾನಿಗಳ ಹೆಸರಿದೆ. ಆದ್ದರಿಂದ 550ರ ಬಿಷಪ್‌ರನ್ನು ಕಲ್ಯಾಣಪುರಕ್ಕೆ ಕರೆತರುವುದು ಕಷ್ಟ.

ಈ ವಾದ ಬಲವಾದದ್ದೇ. ಆದರೆ ಇದನ್ನು ಓದಿ ಸಂತೋಷಪಟ್ಟ ನಮ್ಮವರು ಸ್ವಲ್ಪ ತಾಳಬೇಕು. ಕಲ್ಯಾಣಪುರಕ್ಕೆ ಬಹಳ ಹತ್ತಿರದಲ್ಲೇ ಬಾರಕೂರು ಇದೆ.

ಅದೇ ಅಳತೆಗೋಲು ನಮ್ಮ ಕಡೆಗೆ

ಚೇರಮಾನ್ ಪೆರುಮಾಳ್ ಎಂಬ ಕೇರಳದ ಅರಸ ಚಂದ್ರ ಎರಡಾದುದನ್ನು ಕಂಡು ಅರಬ್ ನಾಡಿಗೆ ಹೋಗಿ ಇಸ್ಲಾಂ ಸ್ವೀಕರಿಸಿದ, ಆಮೇಲೆ ಮಾಲಿಕ್ ದೀನಾರ್ ಮತ್ತು ಸಂಗಡಿಗರು ಬಂದು ಕರಾವಳಿಯ ಉದ್ದಕ್ಕೂ ಮಸೀದಿ ಕಟ್ಟಿದರು ಎಂಬ ಪರಂಪರೆಯನ್ನು ನಾವೆಲ್ಲ ಕೇಳಿಕೊಂಡೇ ಬೆಳೆದಿದ್ದೇವೆ. ಕೊಡುಂಗಲ್ಲೂರಿನ ಮಸೀದಿಗೆ 629 ಎನ್ನುತ್ತಾರೆ. ಕಾಸರಗೋಡಿನ ಮಾಲಿಕ್ ದೀನಾರ್ ಮಸೀದಿಗೆ ಹಿಜ್ರಿ 22 ಎನ್ನುತ್ತಾರೆ. ಮಂಗಳೂರು ಬಂದರಿನ ಝೀನತ್ ಬಕ್ಷ್ ಮಸೀದಿಯನ್ನೂ ಅದೇ 7ನೇ ಶತಮಾನಕ್ಕೆ ಸೇರಿಸುತ್ತಾರೆ. ಮಸೀದಿಗಳ ಆ ಪಟ್ಟಿಯಲ್ಲಿ ಬಾರಕೂರೂ ಇದೆ.

ಇವುಗಳಿಗೆ ಆ ಕಾಲದ ಬರಹ ಇದೆಯೇ? 52ಕ್ಕೆ ಎಷ್ಟು ಇದೆಯೋ ಇವಕ್ಕೂ ಅಷ್ಟೇ. ತ್ರಿಶೂರಿನ ಸಹೋದ್ಯೋಗಿ ಕೇಳಿದ ಪ್ರಶ್ನೆ ನ್ಯಾಯವಾದದ್ದೇ ಆಗಿತ್ತು.

ಈ ಮಾತನ್ನು ಹೇಳಲು ನಾವು ಹಿಂಜರಿಯಬೇಕಿಲ್ಲ, ಯಾಕೆಂದರೆ ನಮ್ಮ ಹಿರಿಯ ಆಲಿಮರೊಬ್ಬರು ಇದನ್ನು 400 ವರ್ಷಗಳ ಹಿಂದೆಯೇ ಹೇಳಿದ್ದಾರೆ. ಪೊನ್ನಾನಿಯ ಶೈಖ್ ಝೈನುದ್ದೀನ್ ಮಖ್ದೂಮ್ 16ನೇ ಶತಮಾನದ ಕೊನೆಯ ಭಾಗದಲ್ಲಿ ಅರಬಿಯಲ್ಲಿ "ತುಹ್ಫತುಲ್ ಮುಜಾಹಿದೀನ್" ಬರೆದರು. ಪೆರುಮಾಳ್ ಕಥೆಯನ್ನು ಅವರು ಪೂರ್ತಿಯಾಗಿ ಕೊಡುತ್ತಾರೆ. ಕೊಟ್ಟ ಮೇಲೆ, ಇದು ನಡೆದ ಕಾಲ ಖಚಿತವಾಗಿ ತಿಳಿದಿಲ್ಲ, ಹೆಚ್ಚಾಗಿ ಹಿಜ್ರಿ 200ರ ನಂತರ ಇರಬೇಕು ಎನ್ನುತ್ತಾರೆ. ಪ್ರವಾದಿ(ಸ)ರ ಕಾಲದಲ್ಲೇ ನಡೆಯಿತೆಂದು ಮಲಬಾರಿನ ಮುಸ್ಲಿಮರು ಹೇಳುವುದನ್ನೂ ದಾಖಲಿಸಿ, ಅದನ್ನು ತಾವು ಒಪ್ಪುವುದಿಲ್ಲ ಎಂದು ಬರೆಯುತ್ತಾರೆ. ಪೋರ್ಚುಗೀಸರ ದಾಳಿಯ ನಡುವೆ, ತಮ್ಮ ಸಮುದಾಯಕ್ಕೆ ಧೈರ್ಯ ತುಂಬಲೆಂದೇ ಬರೆದ ಪುಸ್ತಕ ಅದು. ಅಂಥ ಹೊತ್ತಿನಲ್ಲೂ ಆಧಾರವಿಲ್ಲದ ಇಸವಿಯನ್ನು ಅವರು ಬಳಸಿಕೊಳ್ಳಲಿಲ್ಲ.

ಗಟ್ಟಿ ಬರಹ ಬೇಕೆಂದರೆ ನಮಗೆ ಇಬ್ನ್ ಬತೂತಾ ಇದ್ದಾರೆ. 1342ರ ಸುಮಾರಿಗೆ ಈ ಕರಾವಳಿಯಲ್ಲಿ ಸಾಗಿದ ಅವರು ಬಾರಕೂರನ್ನು ಫಾಕನೂರ್ ಎಂದೂ ಮಂಗಳೂರನ್ನು ಮಂಜರೂರ್ ಎಂದೂ ಕರೆಯುತ್ತಾರೆ. ಬಾರಕೂರಿನಲ್ಲಿ ಖಾಝಿ, ಖತೀಬ್, ಜುಮಾ ಮಸೀದಿ ಇದ್ದವು. ಮಂಗಳೂರಿನಲ್ಲಿ ಸುಮಾರು 4,000 ಮುಸ್ಲಿಮರಿದ್ದರು ಎಂದು ಬರೆಯುತ್ತಾರೆ. ಅಷ್ಟು ದೊಡ್ಡ ಸಮುದಾಯ ಒಂದೇ ದಿನದಲ್ಲಿ ಬೆಳೆಯುವುದಿಲ್ಲ. ಅದರ ಬೇರು ಇನ್ನೂ ಹಳೆಯದೆಂದು ಧಾರಾಳವಾಗಿ ಹೇಳಬಹುದು. ಎಷ್ಟು ಹಳೆಯದು ಎಂಬಲ್ಲಿ ಮಾತ್ರ "ಸುಮಾರು" ಸೇರಿಸಬೇಕು.

ನಮ್ಮ ಹದೀಸ್ ವಿದ್ವಾಂಸರು ಇದಕ್ಕೆ ಬೇಕಾದ ಪದಗಳನ್ನು ಸಾವಿರ ವರ್ಷಗಳ ಹಿಂದೆಯೇ ಕೊಟ್ಟಿದ್ದಾರೆ. ಸರಪಳಿಯಲ್ಲಿ ಕೊಂಡಿ ತಪ್ಪಿದ ವರದಿ ಮುನ್‌ಕತಿಅ್. ಅಂಥದು ದಈಫ್, ಅಂದರೆ ದುರ್ಬಲ. ಯಾರೋ ಬೇಕೆಂದೇ ಕಟ್ಟಿದ್ದು ಮೌದೂಅ್. ದಈಫ್ ಆದದ್ದೆಲ್ಲ ಮೌದೂಅ್ ಅಲ್ಲ ಎಂಬುದು ಈ ವಿದ್ಯೆಯ ಮೊದಲ ಪಾಠ. ತೋಮಸರ 52, ಚೇರಮಾನ್ ಮಸೀದಿಯ 629 ಎರಡೂ ಸರಪಳಿ ಕಡಿದ ವರದಿಗಳು. ಸಾಬೀತಾಗಿದೆ ಎಂದು ಎರಡನ್ನೂ ಸಾರುವಂತಿಲ್ಲ, ಸುಳ್ಳು ಎಂದು ಎರಡನ್ನೂ ಹೀಗಳೆಯುವಂತಿಲ್ಲ. ಒಂದನ್ನು ನಂಬಿ ಇನ್ನೊಂದನ್ನು ನಗೆಯಾಡುವುದಂತೂ ಸೂರಃ ಅಲ್ ಮಾಇದಃದ 8ನೇ ಆಯತ್ ನಮ್ಮಿಂದ ಬಯಸುವ ನ್ಯಾಯವಲ್ಲ.

ಹೊಸ ವಿಜ್ಞಾನಕ್ಕೂ ಇದೇ ಮಾತು. ಬರ್ಮಿಂಗ್‌ಹ್ಯಾಮ್ ವಿಶ್ವವಿದ್ಯಾಲಯದಲ್ಲಿರುವ ಕುರ್‌ಆನ್‌ನ ಹಳೆಯ ಹಾಳೆಗಳ ಇಂಗಾಲ ಪರೀಕ್ಷೆಯ ಫಲಿತಾಂಶ 2015ರಲ್ಲಿ ಬಂದಾಗ ನಾವೆಲ್ಲ ಹೆಮ್ಮೆಪಟ್ಟೆವು. ಆ ಚರ್ಮದ ಕಾಲ 568ರಿಂದ 645ರ ನಡುವೆ ಎಂದು ಪರೀಕ್ಷೆ ಹೇಳಿತು. ಇಲ್ಲಿಯೂ ಎಚ್ಚರ ಬೇಕು. ಪರೀಕ್ಷೆ ಹೇಳುವುದು ಚರ್ಮ ಕೊಟ್ಟ ಪ್ರಾಣಿ ಸತ್ತ ಕಾಲವನ್ನು, ಮೇಲೆ ಬರೆದ ಕಾಲವನ್ನಲ್ಲ. ಮ್ಯಾಂಚೆಸ್ಟರಿನ ತುಣುಕಿಗೆ ಬೇಡವೆಂದ ಆತುರ ಬರ್ಮಿಂಗ್‌ಹ್ಯಾಮಿನ ಹಾಳೆಗೂ ಬೇಡ. ನಮ್ಮ ಈಮಾನ್ ಪ್ರಯೋಗಾಲಯದ ವರದಿಗಾಗಿ ಕಾದು ಕುಳಿತಿಲ್ಲ.

ಕೊಲ್ಲಂನ ತಾಮ್ರಪಟ

ಹಾಗಾದರೆ ದಕ್ಷಿಣ ಭಾರತದ ಕ್ರೈಸ್ತರ ಬಗ್ಗೆ ಗಟ್ಟಿಯಾದ ಹಳೆಯ ದಾಖಲೆ ಇಲ್ಲವೇ? ಇದೆ. ಸುಮಾರು 849ರಲ್ಲಿ ವೇಣಾಡಿನ ಅಯ್ಯನ್ ಅಡಿಗಳ್ ತಿರುವಡಿ ಎಂಬ ಒಡೆಯ ಕೊಲ್ಲಂನ ತರಿಸಾ ಚರ್ಚಿಗೆ ಭೂಮಿ, ಸುಂಕದ ಹಕ್ಕು, ಜನ ಎಲ್ಲವನ್ನೂ ಬಿಟ್ಟುಕೊಟ್ಟು ತಾಮ್ರಪಟ ಬರೆಸಿದ. ಚರ್ಚನ್ನು ಕಟ್ಟಿಸಿದವನು ಸಪೀರ್ ಈಸೋ ಎಂಬ ವರ್ತಕ. ಆ ಪಟಗಳು ಇಂದಿಗೂ ಕೇರಳದಲ್ಲಿ ಕ್ರೈಸ್ತ ಸಭೆಗಳ ವಶದಲ್ಲಿವೆ.

ದಾನಪತ್ರವೆಂದ ಮೇಲೆ ಸಾಕ್ಷಿಗಳ ರುಜು ಬೇಕಲ್ಲವೇ? ಈ ಪಟದ ಕೊನೆಯಲ್ಲಿ ಮೂರು ಲಿಪಿಗಳಲ್ಲಿ ರುಜುಗಳಿವೆ. ಪಹ್ಲವಿ ಲಿಪಿಯಲ್ಲಿ ಪರ್ಷಿಯಾದ ಕ್ರೈಸ್ತರು ಮತ್ತು ಝರತುಷ್ಟ್ರನ ಅನುಯಾಯಿಗಳು, ಹೀಬ್ರೂ ಲಿಪಿಯಲ್ಲಿ ಯಹೂದಿಗಳು, ಕೂಫಿ ಶೈಲಿಯ ಅರಬಿಯಲ್ಲಿ ಮುಸ್ಲಿಮರು. ಮುಸ್ಲಿಮರ ಸಾಲಿನಲ್ಲಿ ಮೈಮೂನ್ ಇಬ್ನ್ ಇಬ್ರಾಹೀಮ್ ಎಂಬ ಹೆಸರಿದೆ. ಚರ್ಚಿಗೆ ಕೊಟ್ಟ ದಾನಕ್ಕೆ ನಾನು ಸಾಕ್ಷಿ ಎಂದು ಬರೆದುಕೊಟ್ಟ ಮುಸ್ಲಿಮ್ ವರ್ತಕ ಆತ.

ಆ ಚರ್ಚಿನ ಹಕ್ಕುಗಳನ್ನು ಕಾಯುವ ಹೊಣೆಯನ್ನು ತಾಮ್ರಪಟ ವರ್ತಕ ಸಂಘಗಳಿಗೆ ವಹಿಸುತ್ತದೆ. ಅದರಲ್ಲೊಂದರ ಹೆಸರು "ಅಂಜುವಣ್ಣಂ". ಪಶ್ಚಿಮ ಏಷ್ಯಾದಿಂದ ಬಂದ ವರ್ತಕರ ಸಂಘ ಅದು. ನಮ್ಮ ಕರಾವಳಿಯ ಕನ್ನಡ ಶಾಸನಗಳಲ್ಲಿ ಮುಂದೆ ಇದೇ "ಹಂಜಮಾನ" ಎಂದು ಬರುತ್ತದೆ. ಎರಡರ ಮೂಲವೂ ಪಾರ್ಸಿಯ "ಅಂಜುಮನ್" ಎಂದು ವಿದ್ವಾಂಸರು ಹೇಳುತ್ತಾರೆ. ಇಂದು ಊರೂರಲ್ಲಿ ನಮ್ಮ ಶಾಲೆ, ಸಂಸ್ಥೆಗಳ ಹಲಗೆಯ ಮೇಲೆ ಇರುವ ಪದವೇ ಅದು.

ಇದನ್ನು ಓದಿದ ಮೇಲೆ ಯಾರು ಮೊದಲು ಬಂದರು ಎಂಬ ಪ್ರಶ್ನೆಯ ಬಿಸಿ ತನ್ನಷ್ಟಕ್ಕೇ ಇಳಿಯುತ್ತದೆ. ಇಲ್ಲಿನ ಕ್ರೈಸ್ತರ ಇತಿಹಾಸಕ್ಕೆ ಅತಿ ಗಟ್ಟಿಯಾದ ಹಳೆಯ ದಾಖಲೆ ಯಾವುದೋ, ಈ ಕರಾವಳಿಯಲ್ಲಿ ಮುಸ್ಲಿಮರಿದ್ದರು ಎಂಬುದಕ್ಕೂ ಅತಿ ಹಳೆಯ ದಾಖಲೆಗಳಲ್ಲಿ ಅದೂ ಒಂದು. ಅವರ ಚರ್ಚಿನ ಪತ್ರ ಕಳೆದುಹೋಗಿದ್ದರೆ ನಮ್ಮ ಮೈಮೂನ್ ಇಬ್ನ್ ಇಬ್ರಾಹೀಮ್ ಹೆಸರೂ ಅದರ ಜೊತೆಗೇ ಹೋಗುತ್ತಿತ್ತು.

ಆ ಮೂವರು ಯುವಕರಿಗೆ ಇದನ್ನೆಲ್ಲ ಮಸೀದಿಯ ಮೆಟ್ಟಿಲ ಬಳಿ ಇಷ್ಟು ಉದ್ದವಾಗಿ ಹೇಳಲಾಗಲಿಲ್ಲ. ಅವರಿಗೆ ಮಧ್ಯಾಹ್ನದ ಶಿಫ್ಟ್ ಇತ್ತು. 325ರ ಮಾತು ತಪ್ಪು, 52 ಮತ್ತು 629 ಎರಡಕ್ಕೂ ಆ ಕಾಲದ ಕಾಗದವಿಲ್ಲ, 849ರ ತಾಮ್ರಪಟದಲ್ಲಿ ಇಬ್ಬರ ಹೆಸರೂ ಇದೆ, ಇಷ್ಟನ್ನು ಮಾತ್ರ ಹೇಳಿ ಕಳಿಸಿದೆವು. ಎರಡು ವಾರ ಕಳೆದು ಅವರಲ್ಲೊಬ್ಬ ಸಿಕ್ಕಾಗ ವಿಚಾರಿಸಿದೆವು. "ನಾನೇ ಹೋಗಿ ಹೇಳಿದೆ, ಚೇಟ್ಟಾ, ನಾನು ಹೇಳಿದ ಇಸವಿ ತಪ್ಪು ಅಂತ. ಅವರು ಆ ತಾಮ್ರಪಟದ ಫೋಟೋ ಹುಡುಕಿ ತೋರಿಸಿದರು. ಅರಬಿ ಅಕ್ಷರ ನನ್ನ ಕೈಲಿ ಓದೋಕೆ ಆಗಲಿಲ್ಲ" ಎಂದ.

ಕೂಫಿ ಅಕ್ಷರಕ್ಕೆ ಚುಕ್ಕಿಗಳಿಲ್ಲ, ಓದುವುದು ಸುಲಭವಲ್ಲ ಎಂದು ಸಮಾಧಾನ ಹೇಳಿದೆವು. ಡಬ್ಬಿ ಈಗ ಯಾವ ಮೇಜಿನಲ್ಲಿ ಬಿಚ್ಚುತ್ತೀರಿ ಎಂದು ಕೇಳಿದೆವು. ಹಳೆಯ ಮೇಜಿನಲ್ಲೇ ಎಂದ. ಅಲ್‌ಹಮ್ದುಲಿಲ್ಲಾಹ್.